ಗಾಡಿ ಎಲ್ಲಿ ಹಾಕ್ದಿ? ಬೀದರಿನ ಪಾರ್ಕಿಂಗ್ ಸಮಸ್ಯೆ ಔರಾದಿನ ಬಸ್ ಸ್ಟ್ಯಾಂಡಿನಲ್ಲಿ ಶುರುವಾಗುತ್ತೆ

(ಪಾಡ್‌ಕಾಸ್ಟ್ ಮಾತಿನ ಬರಹ ರೂಪ)

ಈ ಎಪಿಸೋಡನ್ನ ನೀವು ಬೈಕ್ ಓಡಿಸ್ತಾ ಕೇಳ್ತಾ ಇದ್ದರೆ ಒಂದು ವಿನಂತಿ, ಗಾಡಿ ಸೈಡಿಗೆ ಹಾಕಿ ಕೇಳಿ. ಆದ್ರೆ ಸೈಡಿಗೆ ಅಂದ್ರೆ ಎಲ್ಲಿ? ಬೀದರ್ ಪೇಟೆಯಲ್ಲಿ ಇದ್ದರೆ ನಿಮಗೆ ಈಗಲೇ ನಗು ಬಂದಿರುತ್ತೆ. ಇವತ್ತಿನ ವಿಷಯ ಅದೇ. ಗಾಡಿ ಎಲ್ಲಿ ಹಾಕೋದು?

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡ್ತೀನಿ. ಹೋದ ವರ್ಷ ಶ್ರಾವಣದಾಗ ನಮ್ಮ ಸೋದರತ್ತೆ ಬೀದರಿಗೆ ಬಂದಿದ್ದರು. ಔರಾದ್ ತಾಲ್ಲೂಕಿನ ಹಳ್ಳಿ ಅವರದು. ಕಣ್ಣಿನ ತಪಾಸಣೆ ಮುಗಿಸಿ, ಕನ್ನಡಕ ತಗೊಂಡು, ಸಂಜೆ ಬಸ್ಸಿಗೆ ವಾಪಸ್ ಹೋಗಬೇಕಿತ್ತು. ನಾನು ಬೈಕ್ ಮೇಲೆ ಕೂರಿಸಿಕೊಂಡು ಚೌಬಾರಾ ಕಡೆ ಪೇಟೆಗೆ ಕರಕೊಂಡು ಹೋದೆ. ಗಾಡಿ ಹಾಕೋಕೆ ಜಾಗ ಇಲ್ಲ. ಒಂದು ಅಂಗಡಿ ಮುಂದೆ ಚರಂಡಿ ಮೇಲೆ ಚಪ್ಪಡಿ ಹಾಸಿದ್ದರು, ಜನ ಅದರ ಮೇಲೆ ನಡೀತಿದ್ದರು. ಅಲ್ಲೇ ಅಡ್ಡ ನಿಲ್ಲಿಸಿದೆ. 'ಎರಡು ನಿಮಿಷ ಇಲ್ಲೇ ನಿಂದ್ರು ಅತ್ತಿ, ಕನ್ನಡಕ ರೆಡಿ ಆಗ್ಯದೇನು ಕೇಳಿ ಬರ್ತೀನಿ' ಅಂದೆ.

ಅವರು ನಿಲ್ಲಲಿಲ್ಲ, ನನ್ನ ಹಿಂದೆನೇ ಬಂದರು. ಚಪ್ಪಡಿ ಮೇಲೆ ನನ್ನ ಬೈಕ್ ನಿಂತಿತ್ತಲ್ಲ, ಅದನ್ನ ಸುತ್ತಿಕೊಂಡು ಬರೋಕೆ ರಸ್ತೆಗೆ ಇಳಿದರು. ಎದುರಿಂದ ಬಂದ ಒಬ್ಬ ಹುಡುಗನ ಬೈಕಿನ ಹ್ಯಾಂಡಲ್ ತಾಗಿ ಬಿದ್ದರು. ಮಣಿಕಟ್ಟಿನ ಎಲುಬು ಮುರಿಯಿತು.

ಜನ ಸೇರಿ ಆ ಹುಡುಗನನ್ನ ಬೈದರು. ನಾನೂ ಬೈದೆ. ಆದರೆ ಅವನೇನು ಜೋರಾಗಿ ಬಂದಿರಲಿಲ್ಲ ರೀ. ಆ ರಸ್ತೆಯಲ್ಲಿ ಜೋರಾಗಿ ಬರೋಕೆ ಆಗೋದೂ ಇಲ್ಲ. ಅತ್ತೆ ರಸ್ತೆಗೆ ಇಳಿದದ್ದು ನನ್ನ ಗಾಡಿಯಿಂದ. ಇದನ್ನ ಒಪ್ಪಿಕೊಳ್ಳೋಕೆ ನನಗೆ ಸುಮಾರು ದಿನ ಬೇಕಾಯ್ತು.

ಆಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಕೂತಿತು. ನಾನು ಗಾಡಿಯನ್ನ ಮತ್ತೆಲ್ಲಿ ಹಾಕಬೇಕಿತ್ತು?

ಬೀದರಿನಲ್ಲಿ ಯಾರನ್ನ ಕೇಳಿದರೂ ಮೊದಲು ಬರೋ ಉತ್ತರ 'ರಸ್ತೆ ಅಗಲ ಮಾಡಬೇಕು ರೀ'. ಸರಿ, ನೋಡೋಣ. ಹಳೇ ಬೀದರ್ ಹೇಗಿದೆ ಅಂತ ಒಂದು ಸಲ ಕಣ್ಣಮುಂದೆ ತಂದುಕೊಳ್ಳಿ. ನಡುವೆ ಚೌಬಾರಾ, ಆ ದುಂಡನೆ ಎತ್ತರದ ಗೋಪುರ. ಅಲ್ಲಿಂದ ನಾಲ್ಕು ಕಡೆಗೆ ರಸ್ತೆ. ಹಳೇ ಊರನ್ನ ನಾಲ್ಕು ತಾಲೀಮುಗಳಾಗಿ ಹಂಚಿದ್ದರು. ತಾಲೀಮು ಅಂದ್ರೆ ನಮ್ಮ ಗರಡಿಮನೆ. ಸುತ್ತ ಕೋಟೆ ಗೋಡೆ, ಅದಕ್ಕೆ ಶಾಹ್‌ಗಂಜ್, ಫತೇ, ಮಂಗಲಪೇಟ್ ಅಂತ ದರವಾಜಗಳು. ಬಹಮನಿ ಸುಲ್ತಾನರು ಕಲಬುರಗಿಯಿಂದ ಇಲ್ಲಿಗೆ ರಾಜಧಾನಿ ತಂದದ್ದು 15ನೇ ಶತಮಾನದಲ್ಲಿ. ಆಗ ನಡೆಯೋರು, ಕುದುರೆ, ಎತ್ತಿನ ಬಂಡಿ, ಅಪರೂಪಕ್ಕೆ ಆನೆ. ಅದಕ್ಕೆ ತಕ್ಕ ರಸ್ತೆ. ಅದೇ ರಸ್ತೆಯಲ್ಲಿ ಇವತ್ತು ಆಟೋ, ಟಂಟಂ, ಬೈಕು, ಕಾರು, ಸರಕು ಇಳಿಸೋ ಗೂಡ್ಸ್ ಗಾಡಿ, ತಳ್ಳೋಗಾಡಿ ಎಲ್ಲ ಒಟ್ಟಿಗೆ.

ಚೌಬಾರಾದಿಂದ ಕೋಟೆ ಕಡೆ ಹೊರಟರೆ ಮಹಮೂದ್ ಗವಾನ್ ಮದರಸಾ. 1472ರಲ್ಲಿ ಕಟ್ಟಿದ್ದು. ಅದು ಕೇಂದ್ರದ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಸ್ಮಾರಕ ಕಾಯ್ದೆ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಂದ್ರೆ 'ಅಲ್ಲೇ ಪಕ್ಕದಾಗ ನಾಲ್ಕು ಅಂತಸ್ತಿನ ಪಾರ್ಕಿಂಗ್ ಕಟ್ರಿ' ಅಂತ ಹೇಳಿದಷ್ಟು ಸುಲಭ ಇಲ್ಲ. ಬೀದರಿನ ಸ್ಮಾರಕಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ, ಕಲಬುರಗಿ, ವಿಜಯಪುರ, ಹೈದರಾಬಾದಿನ ಸ್ಮಾರಕಗಳ ಜೊತೆ. ಪಾರ್ಕಿಂಗಿಗಾಗಿ ಅದನ್ನ ಕಳಕೊಳ್ಳೋಣ ಅಂತ ಯಾರೂ ಹೇಳಲ್ಲ ಅಂದ್ಕೋತೀನಿ.

ಇನ್ನು ಲೆಕ್ಕ ಹಾಕಿ ನೋಡೋಣ, ಮೊಬೈಲ್ ಕ್ಯಾಲ್ಕುಲೇಟರ್ ಬೇಡ. 30 ಅಡಿ ಅಗಲದ ಪೇಟೆ ರಸ್ತೆ ಅಂದ್ಕೊಳ್ಳಿ. ಎರಡೂ ಕಡೆ ಬೈಕುಗಳು ಅಂಗಡಿಗೆ ಮುಖ ಮಾಡಿ ನಿಂತಿವೆ. ಒಂದು ಬೈಕಿನ ಉದ್ದ ಸುಮಾರು ಆರೂವರೆ ಅಡಿ. ಎರಡೂ ಬದಿ ಸೇರಿ 13 ಅಡಿ ಹೋಯ್ತು. ಉಳಿದದ್ದು 17. ಅದರಲ್ಲಿ ಬರೋ ಗಾಡಿ, ಹೋಗೋ ಗಾಡಿ, ಹಣ್ಣಿನ ಬಂಡಿ, ಮತ್ತೆ ನಮ್ಮ ಅತ್ತೆ. ಈಗ ರಸ್ತೆಯನ್ನ 40 ಅಡಿ ಮಾಡಿ. ಏನಾಗುತ್ತೆ? ಬೈಕ್ ನಿಲ್ತಿದ್ದ ಜಾಗದಲ್ಲಿ ಕಾರು ನಿಲ್ಲುತ್ತೆ, ಬೈಕು ಅದರ ಹಿಂದೆ ಎರಡನೇ ಸಾಲಲ್ಲಿ ನಿಲ್ಲುತ್ತೆ. ಅಗಲ ಮಾಡಿದ 10 ಅಡಿ ಓಡೋ ಗಾಡಿಗೆ ಸಿಗಲಿಲ್ಲ, ನಿಂತ ಗಾಡಿಗೆ ಸಿಕ್ತು. ಮನೆ-ಅಂಗಡಿ ಮುಂಭಾಗ ಕಳಕೊಂಡವರು ಕಳಕೊಂಡರು, ಅಷ್ಟೇ.

ಹಾಗಾದ್ರೆ ದಾರಿ ಏನು? ನಿಲ್ಲೋಕೆ ಒಂದು ಜಾಗ ಗೊತ್ತು ಮಾಡಬೇಕು, ನಡೆಯೋಕೆ ಒಂದು ಜಾಗ ಗೊತ್ತು ಮಾಡಬೇಕು. ಇದು ಯಾರ ಕೆಲಸ ಅನ್ನೋದು ಕಾನೂನಿನಲ್ಲೇ ಇದೆ. ಮೋಟಾರು ವಾಹನ ಕಾಯ್ದೆ 1988, ಅದರ 117ನೇ ಸೆಕ್ಷನ್. ಗಾಡಿ ಎಲ್ಲಿ ನಿಲ್ಲಬಹುದು ಅಂತ ಸರ್ಕಾರ, ಅಥವಾ ಸರ್ಕಾರ ಅಧಿಕಾರ ಕೊಟ್ಟ ಪ್ರಾಧಿಕಾರ, ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ ಗೊತ್ತು ಮಾಡಬಹುದು. ಅದೇ ಕಾಯ್ದೆಯ 122ನೇ ಸೆಕ್ಷನ್ ಇನ್ನೊಬ್ಬರಿಗೆ ಅಪಾಯ, ಅಡ್ಡಿ ಆಗೋ ಹಾಗೆ ಗಾಡಿ ಬಿಟ್ಟು ಹೋಗಬಾರದು ಅನ್ನುತ್ತೆ. ನಮ್ಮೂರುಗಳಲ್ಲಿ ನಮಗೆ ಸಿಗೋದು 122 ಮಾತ್ರ, ದಂಡದ ರಸೀದಿ ರೂಪದಲ್ಲಿ. 117 ಅಪರೂಪ. ಎಲ್ಲಿ ನಿಲ್ಲಿಸಬೇಕು ಅಂತ ಬೋರ್ಡ್ ಹಾಕದೆ, ಎಲ್ಲಿ ನಿಲ್ಲಿಸಬಾರದು ಅಂತ ಮಾತ್ರ ಹೇಳಿದರೆ ಜನ ಏನು ಮಾಡಬೇಕು ರೀ?

ಇಲ್ಲಿ ಒಂದು ಎಚ್ಚರಿಕೆ. ಟ್ರಾಫಿಕ್ ಅಂದ ಕೂಡಲೇ ಮೊದಲ ಏಟು ಬೀಳೋದು ತಳ್ಳೋಗಾಡಿಯವರ ಮೇಲೆ. ಬಾಳೆಹಣ್ಣಿನ ಭಾಯ್, ತರಕಾರಿ ಅವ್ವ. ಅವರಿಗೂ ಕಾನೂನು ಇದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಸಮೀಕ್ಷೆ ಮಾಡಬೇಕು, ಗುರುತಿನ ಪತ್ರ ಕೊಡಬೇಕು, ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ವ್ಯಾಪಾರಿಗಳೇ ಇರಬೇಕು. ಸಮೀಕ್ಷೆ ಮುಗಿಯೋ ತನಕ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಒಂದು ಕಾರು ನಿಲ್ಲೋಕೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಆ ಜಾಗದಲ್ಲಿ ಆರು ಬೈಕ್ ನಿಲ್ತವೆ. ಇಲ್ಲಾಂದ್ರೆ ಮೂರು ಬಂಡಿ ನಿಲ್ತವೆ, ಮೂರು ಮನೆ ಊಟ ನಡೆಯುತ್ತೆ. ಖಾಲಿ ಕಾರು ಅಲ್ಲಿ ಮೂರು ತಾಸು ಸುಮ್ಮನೆ ನಿಂತಿರುತ್ತೆ, ನಾವು ಅದನ್ನ ಅತಿಕ್ರಮಣ ಅನ್ನಲ್ಲ.

ಈಗ ಔರಾದಿಗೆ ಬರ್ರಿ. ಬೀದರ್ ಪಾರ್ಕಿಂಗ್ ಮಾತಾಡೋವಾಗ ಔರಾದ್ ಯಾಕೆ ಅಂತೀರಾ? ಬೀದರ್ ಪೇಟೆಯಲ್ಲಿ ನಿಂತ ಬೈಕುಗಳನ್ನ ಒಂದು ಸಲ ನೋಡಿ. ಎಲ್ಲ ಬೀದರಿನವರದ್ದಲ್ಲ. ಔರಾದ್, ಸಂತಪುರ, ಕಮಲನಗರ, ಭಾಲ್ಕಿ ಕಡೆಯ ಹಳ್ಳಿಗಳಿಂದ ಬಂದವರು ಎಷ್ಟೋ ಜನ. ಜಿಲ್ಲಾ ಆಸ್ಪತ್ರೆ ಬೀದರಿನಲ್ಲಿ, ಡಿಸಿ ಆಫೀಸ್ ಬೀದರಿನಲ್ಲಿ, ದೊಡ್ಡ ಕಾಲೇಜು, ಕೋಚಿಂಗ್ ಎಲ್ಲ ಬೀದರಿನಲ್ಲಿ.

ಔರಾದಿಗೆ ರೈಲು ಇಲ್ಲ. ಬೀದರಿನಿಂದ ಔರಾದ್ ಮೇಲೆ ನಾಂದೇಡಿಗೆ ರೈಲು ಮಾರ್ಗ ಅನ್ನೋ ಮಾತನ್ನ ನಾವು ಸಣ್ಣವರಿದ್ದಾಗಿನಿಂದ ಕೇಳ್ತಾ ಇದ್ದೀವಿ. ಬೀದರ್-ಕಲಬುರಗಿ ನಡುವಿನ 110 ಕಿಲೋಮೀಟರ್ ಮಾರ್ಗಕ್ಕೂ ಹಿಂಗೇ ವರ್ಷಗಟ್ಟಲೆ ಕಾದು, ಕೊನೆಗೆ 2017ರ ಅಕ್ಟೋಬರ್ 29ಕ್ಕೆ ಉದ್ಘಾಟನೆ ಆಯ್ತು. ಅಲ್ಲೀ ತನಕ ಔರಾದಿನವರಿಗೆ ಬಸ್ಸೇ ಗತಿ. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು. ಅದು ತಪ್ಪಿದರೆ ಕ್ರೂಸರ್, ಟಂಟಂ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ನಮ್ಮ ಅತ್ತೆಯಂಥವರು ಯಾರ ಮುಂದೆಯೂ ಕೈ ಚಾಚದೆ ಬೀದರಿಗೆ ಬಂದು ಹೋಗೋ ಹಾಗಾಯ್ತು. ಅದು ಸಣ್ಣ ಮಾತಲ್ಲ. ಆದರೆ ಬೆಳಗ್ಗೆ ಕಾಲೇಜ್ ಹೊತ್ತಿಗೆ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇಲ್ಲ ಅಂದ್ರೆ ಹುಡುಗ ಏನು ಮಾಡ್ತಾನೆ? ಮನೆಯಲ್ಲಿ ಜಗಳ ಮಾಡಿ, ಕಂತಿನ ಮೇಲೆ ಬೈಕ್ ತಗೋತಾನೆ. ಸಂಜೆ ಕೋಚಿಂಗ್ ಮುಗಿಯೋ ಹೊತ್ತಿಗೆ ಅವನ ಹಳ್ಳಿ ಕಡೆ ಬಸ್ ಇಲ್ಲ ಅಂದ್ರೂ ಅಷ್ಟೇ. ನಲವತ್ತು ಕಿಲೋಮೀಟರಿಗೂ ಜಾಸ್ತಿ ದೂರ, ರಾತ್ರಿ, ಹೆದ್ದಾರಿ ಮೇಲೆ, ಎದುರಿಗೆ ಲಾರಿಗಳ ಲೈಟು. ಮನೆಯಲ್ಲಿ ಅವ್ವ ಫೋನ್ ಹಿಡಕೊಂಡು ಕೂತಿರ್ತಾಳೆ. ಇದು ನಿಮ್ಮಲ್ಲಿ ಎಷ್ಟು ಜನರ ಮನೆ ಕತೆ ಅಂತ ನನಗೆ ಹೇಳಬೇಕಾಗಿಲ್ಲ.

ಅದಕ್ಕೇ ನಾನು ಹೇಳೋದು, ಬೀದರಿನ ಪಾರ್ಕಿಂಗ್ ಸಮಸ್ಯೆ ಔರಾದಿನ ಬಸ್ ಸ್ಟ್ಯಾಂಡಿನಲ್ಲಿ ಶುರುವಾಗುತ್ತೆ. ಒಂದು ಬಸ್ಸಿನಲ್ಲಿ 50 ಜನ ಬಂದರೆ ಬಸ್ಸು ಇಳಿಸಿ ಮುಂದೆ ಹೋಗುತ್ತೆ. ಅದೇ 50 ಜನ ಬೈಕ್ ಮೇಲೆ ಬಂದರೆ 50 ಬೈಕು ಇಡೀ ದಿನ ಪೇಟೆಯಲ್ಲಿ ನಿಲ್ಲಬೇಕು. ಬೆಳಗ್ಗೆ ಎರಡು ಬಸ್, ಸಂಜೆ ಏಳರ ಮೇಲೆ ಒಂದು ಬಸ್ ಹೆಚ್ಚು ಬಿಟ್ಟರೆ ಅದೂ ಪಾರ್ಕಿಂಗ್ ಕೆಲಸನೇ. ಮತ್ತೆ ಬಸ್ ಸ್ಟ್ಯಾಂಡಿನಿಂದ ಚೌಬಾರಾ, ಆಸ್ಪತ್ರೆ, ನೌಬಾದ್ ಕಡೆ ಸುತ್ತೋ ಸಿಟಿ ಬಸ್ ಹೊತ್ತಿಗೆ ಸರಿಯಾಗಿ ಸಿಕ್ಕರೆ ಇನ್ನೂ ಒಳ್ಳೇದು.

ಭಾಲ್ಕಿಯವರು ಈಗ 'ನಮ್ಮದು ಹೇಳಲೇ ಇಲ್ಲ' ಅಂತೀರಿ. ನಿಮಗೆ ನಿಜಾಮರ ಕಾಲದ ಹಳೇ ಲೈನಿನ ಮೇಲೆ ರೈಲು ನಿಲ್ದಾಣ ಅದ, ಪುರಸಭೆ ಅದ. ಊರು ಇನ್ನೂ ನಡೆದುಕೊಂಡು ದಾಟೋ ಅಳತೆಯಲ್ಲಿದೆ. ನಿಮಗೆ ಸಮಯ ಇದೆ, ಬೀದರಿಗೆ ಅದು ಮುಗಿದು ಹೋಗಿದೆ. ಹೊಸ ಲೇಔಟುಗಳು ಬರ್ತಾ ಇರೋವಾಗಲೇ ರಸ್ತೆ ಅಂಚಿನಲ್ಲಿ ಫುಟ್‌ಪಾತ್ ಬಿಡಿಸಿಕೊಳ್ಳಬಹುದು. ಹೊಸ ಕಾಂಪ್ಲೆಕ್ಸ್ ಕಟ್ಟೋವಾಗಲೇ ನಕ್ಷೆಯಲ್ಲಿ ತೋರಿಸಿದ ಪಾರ್ಕಿಂಗ್ ಕಟ್ಟಿದ ಮೇಲೂ ಪಾರ್ಕಿಂಗೇ ಆಗಿದೆಯಾ, ಗೋಡೌನ್ ಆಗಿದೆಯಾ ಅಂತ ನೋಡಬಹುದು. ಒಂದು ಸಲ ನೆಲಮಾಳಿಗೆಯಲ್ಲಿ ಅಂಗಡಿ ಶುರುವಾದ ಮೇಲೆ ಅದನ್ನ ಬಿಡಿಸೋದು ಎಷ್ಟು ಕಷ್ಟ ಅಂತ ಬೀದರಿನವರನ್ನ ಕೇಳಿ.

ಬೀದರ್ ಈಗ ನಗರಸಭೆಯಿಂದ ಮಹಾನಗರ ಪಾಲಿಕೆ ಆಗಿದೆ. ಬೋರ್ಡ್ ಬದಲಾದರೆ ರಸ್ತೆ ಬದಲಾಗಲ್ಲ. ಸಂವಿಧಾನದ 243ಎಸ್ ವಿಧಿ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರೋ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅನ್ನುತ್ತೆ. 2011ರ ಜನಗಣತಿಯಲ್ಲಿ ಬೀದರ್ ಎರಡು ಲಕ್ಷದ ಮೇಲಿತ್ತು, ಊರು ಆಮೇಲೆ ಎಷ್ಟು ಬೆಳೆದಿದೆ ಅಂತ ನೀವೇ ನೋಡಿದ್ದೀರಿ. ವಾರ್ಡ್ ಸಮಿತಿ ಬಂದರೆ ನಿಮ್ಮ ಓಣಿಯ ಫುಟ್‌ಪಾತ್ ಮಾತು ನಿಮ್ಮ ಮುಂದೆನೇ ಆಗುತ್ತೆ. ಅದನ್ನ ಈಗಲೇ ಕೇಳೋಕೆ ಶುರು ಮಾಡಬೇಕು.

ಸರಿ, ನಾವು ನಾಳೆ ಏನು ಮಾಡಬಹುದು? ಮೂರೇ ಕೆಲಸ ಹೇಳ್ತೀನಿ. ಮೊದಲನೇದು, ಒಂದು ಸಂಜೆ ಅರ್ಧ ತಾಸು ನಿಮ್ಮ ಪೇಟೆಯಲ್ಲಿ ನಡೀರಿ. ಗಾಡಿ ಬಿಟ್ಟು, ಸಾಧ್ಯ ಆದ್ರೆ ಮನೆಯ ಹಿರಿಯರ ಜೊತೆ. ಅವರು ಎಲ್ಲೆಲ್ಲಿ ರಸ್ತೆಗೆ ಇಳಿಯಬೇಕಾಗುತ್ತೆ, ಅಲ್ಲಲ್ಲಿ ಫೋಟೋ ತಗೊಳ್ಳಿ. ಗಾಡಿ ನಂಬರ್ ಬೇಡ, ಜಾಗ ಕಂಡರೆ ಸಾಕು. ಎರಡನೇದು, ಆ ಫೋಟೋಗಳನ್ನ ಸ್ಟೇಟಸ್‌ಗೆ ಹಾಕಿ ಬಿಡಬೇಡಿ. ದೂರು ಕೊಡಿ. ಸರ್ಕಾರದ ಜನಸ್ಪಂದನ ಸಹಾಯವಾಣಿ 1902 ಇದೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೂರನೇದು, ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ಒಂದೇ ಪ್ರಶ್ನೆ ಕೇಳಿ: 'ನಮ್ಮ ಊರಿನಲ್ಲಿ ಅಧಿಕೃತವಾಗಿ ಗೊತ್ತು ಮಾಡಿದ ಪಾರ್ಕಿಂಗ್ ಜಾಗಗಳ ಪಟ್ಟಿ ಕೊಡಿ.' 30 ದಿನದಲ್ಲಿ ಉತ್ತರ ಬರಬೇಕು. ಪಟ್ಟಿ ಬಂದರೆ ಆ ಜಾಗಗಳಿಗೆ ಹೋಗಿ ನೋಡಿ. ಪಟ್ಟಿನೇ ಇಲ್ಲ ಅಂತ ಬಂದರೆ, ಆ ಕಾಗದವೇ ನಿಮ್ಮ ಮುಂದಿನ ಅರ್ಜಿಗೆ ಆಧಾರ.

ಇದೆಲ್ಲ ಆಗೋ ತನಕ? ನನ್ನ ಮಟ್ಟಿಗೆ ಒಂದು ನಿಯಮ ಮಾಡಿಕೊಂಡಿದ್ದೀನಿ. ಪೇಟೆಗೆ ಹೋದರೆ ಗಾಡಿಯನ್ನ ದೂರ ಬಯಲಲ್ಲಿ ಹಾಕಿ ಹತ್ತು ನಿಮಿಷ ನಡೀತೀನಿ. ಚಪ್ಪಡಿ ಮೇಲೆ ಹಾಕಲ್ಲ. ಇದರಿಂದ ಬೀದರ್ ಟ್ರಾಫಿಕ್ ಸರಿ ಹೋಗಲ್ಲ, ಗೊತ್ತು. ನಾನು ಅಡ್ಡ ಆಗಲ್ಲ, ಅಷ್ಟೇ.

ಅತ್ತೆಯ ಕೈ ಕೂಡಿದೆ. ಆದ್ರೆ ರೊಟ್ಟಿ ಬಡಿಯೋವಾಗ ಈಗಲೂ ನೋಯುತ್ತಂತೆ. ಜೋಳದ ರೊಟ್ಟಿ ಬಡಿಯೋ ಕೈ ರೀ ಅದು. ಹೋದ ತಿಂಗಳು ಮತ್ತೆ ಬಂದಿದ್ದರು. ಪೇಟೆಗೆ ಹೋಗೋಣ ಅಂದೆ. 'ಮೊದಲ ಹೇಳು ತಮ್ಮಾ, ಗಾಡಿ ಎಲ್ಲಿ ಹಾಕ್ತಿ?' ಅಂದರು. 'ದೂರ ಹಾಕ್ತೀನಿ ಅತ್ತಿ, ನಡೀಬೇಕಾಗ್ತದ' ಅಂದೆ. 'ನಡೀಲಿಕ್ಕೇನು, ನಡೀಲಿಕ್ಕ ದಾರಿ ಇದ್ರ ಸಾಕು' ಅಂದರು.

ನಿಮ್ಮ ಊರಿನಲ್ಲಿ ನಡೆಯೋಕೆ ದಾರಿ ಇದೆಯಾ? ಬೀದರ್, ಭಾಲ್ಕಿ, ಔರಾದ್, ಎಲ್ಲಿಂದ ಕೇಳ್ತಾ ಇದ್ದರೂ ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ಜಾಗದ ಹೆಸರು, ಹೊತ್ತು, ಏನಾಯ್ತು, ಇಷ್ಟು ಹೇಳಿ ಸಾಕು. ಮುಂದಿನ ಎಪಿಸೋಡಿನಲ್ಲಿ ನಿಮ್ಮ ಮಾತುಗಳನ್ನೇ ಕೇಳಿಸ್ತೀವಿ. ಮತ್ತೆ ಹೌದು, ಈಗ ಗಾಡಿ ಸ್ಟಾರ್ಟ್ ಮಾಡೋದಾದ್ರೆ ಇಯರ್‌ಫೋನ್ ತೆಗೆದು ಹೆಲ್ಮೆಟ್ ಹಾಕ್ಕೊಳ್ಳಿ. ಮನೆಗೆ ಹುಷಾರಾಗಿ ಹೋಗ್ರಿ. ಬರ್ತೀನಿ, ನಮಸ್ಕಾರ.