ಎರಡು ದಂತ ಕಾಲೇಜುಗಳಲ್ಲಿ ಯಾವುದು?

(ವಾಚನಾಲಯದ ತಿಂಗಳ ಸಭೆಯಲ್ಲಿ ದಂತವೈದ್ಯರೊಬ್ಬರು ಮಾಡಿದ ಭಾಷಣ)



ಮಗನಿಗೋ ಮಗಳಿಗೋ ದಂತವೈದ್ಯಕೀಯದ ಒಂದು ಸೀಟು ಸಿಕ್ಕಿದರೆ ಸಾಕೆಂದು ಹರಕೆ ಹೊತ್ತ ಮನೆಗೆ ಎರಡು ಸೀಟುಗಳು ಒಟ್ಟಿಗೆ ಬಂದರೆ ಸಂತೋಷದ ಜೊತೆಗೆ ನಿದ್ದೆಗೇಡೂ ಬರುತ್ತದೆ. ಈ ಸಭೆಯಲ್ಲಿ ಕುಳಿತಿರುವವರಲ್ಲಿ ಹೋಟೆಲಿನಲ್ಲಿ ದುಡಿಯುವವರಿದ್ದಾರೆ, ಬ್ಯಾಂಕು, ರೈಲ್ವೆ, ಕಾರ್ಖಾನೆಗಳ ಗುಮಾಸ್ತರಿದ್ದಾರೆ. ಪ್ರಾವಿಡೆಂಟ್ ಫಂಡಿನ ಹಣವನ್ನು ಒಮ್ಮೆ ತೆಗೆದರೆ ಮತ್ತೆ ತುಂಬಲಾರದವರು ನಾವು. ಆದುದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಡು ಸೀಟು ಬರುವುದು ಹೇಗೆಂದು ಕೆಲವರಿಗೆ ಆಶ್ಚರ್ಯವಾಗಬಹುದು. ನೀಟ್ ಪರೀಕ್ಷೆ ಒಂದೇ ಆದರೂ ಸೀಟು ಹಂಚುವ ಕೈಗಳು ಬೇರೆ ಬೇರೆ. ರಾಜ್ಯಗಳ ಸರಕಾರಿ ಕಾಲೇಜುಗಳ ನೂರಕ್ಕೆ 15 ಸೀಟುಗಳನ್ನೂ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನೂ ದಿಲ್ಲಿಯ ಸಮಿತಿ ಹಂಚುತ್ತದೆ. ಉಳಿದವನ್ನು ಆಯಾ ರಾಜ್ಯ ಹಂಚುತ್ತದೆ. ಹೀಗಾಗಿ ಮುಂಬಯಿಯಲ್ಲೇ ಹತ್ತು, ಹನ್ನೆರಡನೆಯ ತರಗತಿ ಮುಗಿಸಿದ ನಮ್ಮ ಹುಡುಗಿಗೆ ಮಹಾರಾಷ್ಟ್ರದ ಪಾಲಿನಿಂದ ಇಲ್ಲಿಯ ಸರಕಾರಿ ಅಥವಾ ಪಾಲಿಕೆಯ ಕಾಲೇಜೊಂದರಲ್ಲಿ ಸೀಟು ಬರಬಹುದು. ದಿಲ್ಲಿಯ ಪಟ್ಟಿಯಿಂದ ಮಣಿಪಾಲ, ಮಂಗಳೂರುಗಳ ಕಡೆಯೂ ಒಂದು ಬರಬಹುದು. ಆಗ ತಂದೆಯ ಮನಸ್ಸು ಊರ ಕಡೆಗೆ ಎಳೆಯುತ್ತದೆ. ಅಜ್ಜಿಯ ಮನೆ ಹತ್ತಿರ, ಗಾಳಿ ಒಳ್ಳೆಯದು, ಕಟ್ಟಡವೂ ಚೆಂದ. ಮಗಳ ಮನಸ್ಸು ಎತ್ತ ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ಹಿಂದೆ ಈ ತೊಡಕು ಇರಲಿಲ್ಲ. 1920ರಲ್ಲಿ ಡಾ. ರಫಿಉದ್ದೀನ್ ಅಹಮದರು ಕಲ್ಕತ್ತೆಯಲ್ಲಿ ದೇಶದ ಮೊದಲ ದಂತ ಕಾಲೇಜನ್ನು ತೆರೆದರು. ಮುಂಬಯಿಯಲ್ಲಿ ನಾಯರ್ ಆಸ್ಪತ್ರೆಯ ದಂತ ಕಾಲೇಜು 1933ರಲ್ಲಿ ಬಂತು. ಬೆಂಗಳೂರಿನ ಸರಕಾರಿ ಕಾಲೇಜು 1958ರದು, ಮಣಿಪಾಲದ್ದು 1965ರದು. ಈಗ ಕರ್ನಾಟಕದಲ್ಲಿ ದಾವಣಗೆರೆ, ಧಾರವಾಡ, ಬೆಳಗಾವಿ ಎಂದು ಎಣಿಸುತ್ತಾ ಹೋದರೆ ಕೈಬೆರಳು ಸಾಲವು.

ಮೊದಲು ಒಂದು ಭ್ರಮೆಯನ್ನು ಬಿಡಬೇಕು. ಮಾನ್ಯತೆ ಇರುವ ಯಾವ ಕಾಲೇಜಿನಲ್ಲಿ ಓದಿದರೂ ಪದವಿ ಬಿ.ಡಿ.ಎಸ್. ಎಂಬ ಒಂದೇ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ಪು, ಆಮೇಲೆ ನೋಂದಣಿ. ಪಠ್ಯವೂ ಹೆಚ್ಚುಕಡಿಮೆ ಅದೇ. ಆದುದರಿಂದ ಎರಡು ಕಡೆಯೂ ಮಾನ್ಯತೆ ಸರಿಯಾಗಿದ್ದರೆ ಹೆಸರಿನ ಮೋಹ ಬೇಡ. ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಬರುವವನು ಗೋಡೆಯ ಮೇಲಿನ ಚೌಕಟ್ಟು ಓದುವುದಿಲ್ಲ. ನೋಯದಂತೆ ತೆಗೆಯುತ್ತಾರೆಯೇ ಎಂದಷ್ಟೇ ನೋಡುತ್ತಾನೆ.

ಹಾಗಾದರೆ ವ್ಯತ್ಯಾಸವೆಲ್ಲಿ? ರೋಗಿಗಳಲ್ಲಿ. ನಮ್ಮದು ಕೈಕಸುಬು. ಮೊದಲ ವರ್ಷ ಹುಡುಗರು ಮೇಣದ ತುಂಡಿನಲ್ಲಿ ಹಲ್ಲು ಕೆತ್ತುತ್ತಾರೆ. ಎರಡನೆಯ ವರ್ಷ ಕಿತ್ತ ಹಲ್ಲುಗಳನ್ನು ಶೀಶೆಯಲ್ಲಿ ಕೂಡಿಟ್ಟುಕೊಂಡು, ಕೃತಕ ತಲೆಯೊಂದಕ್ಕೆ ಕೂರಿಸಿ ಕೊರೆಯುತ್ತಾರೆ. (ಆ ಶೀಶೆಯನ್ನು ಮನೆಗೆ ತಂದರೆ ತಾಯಂದಿರು ಅಡಿಗೆಮನೆಯ ಹೊಸ್ತಿಲು ದಾಟಗೊಡುವುದಿಲ್ಲ.) ಇಲ್ಲಿಯವರೆಗೆ ಎಲ್ಲ ಕಾಲೇಜುಗಳೂ ಒಂದೇ. ಮೂರನೆಯ ವರ್ಷದಿಂದ ಜೀವಂತ ಬಾಯಿ ಎದುರಿಗೆ ಬರುತ್ತದೆ. ನಾಲಿಗೆ ಅಡ್ಡ ಬರುತ್ತದೆ, ಜೊಲ್ಲು ತುಂಬುತ್ತದೆ, ಮಗು ಕಚ್ಚುತ್ತದೆ, ಮುದುಕರಿಗೆ ರಕ್ತದೊತ್ತಡ ಇರುತ್ತದೆ. ಇದನ್ನು ಯಾವ ಪುಸ್ತಕವೂ ಕಲಿಸಲಾರದು. ಇಪ್ಪತ್ತು ಹಲ್ಲು ಕಿತ್ತವನ ಕೈಗೂ ಇನ್ನೂರು ಕಿತ್ತವನ ಕೈಗೂ ಇರುವ ಅಂತರ, ಕುರ್ಚಿಯಲ್ಲಿ ಕುಳಿತವನಿಗೆ ತಕ್ಷಣ ತಿಳಿಯುತ್ತದೆ.

ಹಲ್ಲಿನ ಪೂರ್ಣ ಸೆಟ್ಟಿನ ಮಾತನ್ನೇ ತೆಗೆದುಕೊಳ್ಳಿ. ಅಚ್ಚು ತೆಗೆಯುವುದು, ಮೇಣದ ದಿಂಡಿನಿಂದ ದವಡೆಯ ಅಳತೆ ನೋಡುವುದು, ಮೇಣದಲ್ಲೇ ಹಲ್ಲು ಜೋಡಿಸಿ ಒಪ್ಪಿಸಿ ನೋಡುವುದು, ಕೊನೆಗೆ ತೊಡಿಸಿ ಸರಿಪಡಿಸುವುದು ಎಂದು ಒಬ್ಬ ಮುದುಕ ನಾಲ್ಕೈದು ಸಲ ಬರಬೇಕು. ಬಸ್ಸಿನ ಚಾರ್ಜು ಹೆಚ್ಚಾದರೆ ಎರಡನೆಯ ಸಲವೇ ಬರುವುದಿಲ್ಲ. ವಿದ್ಯಾರ್ಥಿಯ ಕಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ನಾನು ಹೇಳುವುದು: ಕಾಲೇಜು ರೋಗಿಗೆ ಹತ್ತಿರವಿದೆಯೇ ನೋಡಿ. ನಗರದ ನಡುವಿನ ಹಳೆಯ ಆಸ್ಪತ್ರೆಗೆ ಈ ಅನುಕೂಲ ಸಹಜವಾಗಿಯೇ ಇದೆ. ಗೋಡೆಯ ಸುಣ್ಣ ಉದುರಿರಬಹುದು, ಸಾಮಾನು ಹಳೆಯದಾಗಿರಬಹುದು, ಸಾಲು ಉದ್ದವಿರುತ್ತದೆ. ಆ ಉದ್ದದ ಸಾಲೇ ನಿಮ್ಮ ಮಗುವಿನ ಪಾಠಶಾಲೆ.

ಖಾಸಗಿ ಕಾಲೇಜುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಳ್ಳಿಗಳಲ್ಲಿ ಶಿಬಿರ ನಡೆಸಿ, ಸ್ವಂತ ಬಸ್ಸಿನಲ್ಲಿ ರೋಗಿಗಳನ್ನು ಕರೆತಂದು, ಹುಡುಗರಿಗೆ ಕೈತುಂಬ ಕೆಲಸ ಕೊಡುವ ಸಂಸ್ಥೆಗಳಿವೆ. ಅಡಿಕೆ, ತಂಬಾಕು ಹೆಚ್ಚಾಗಿ ಜಗಿಯುವ ಸೀಮೆಯಲ್ಲಿ ಬಾಯಿ ಬಿಗಿದುಕೊಳ್ಳುವ ರೋಗವನ್ನೂ ಬಾಯಿಯ ಕ್ಯಾನ್ಸರಿನ ಮೊದಲ ಗುರುತನ್ನೂ ಹುಡುಗರು ಬೇಗ ಕಲಿಯುತ್ತಾರೆ. ಇನ್ನು ಕೆಲವು ಕಡೆ ಹೊಳೆಯುವ ಕುರ್ಚಿಗಳು ಸಾಲಾಗಿ ಖಾಲಿ ನಿಂತಿರುತ್ತವೆ. ಮತ್ತೂ ಕೆಲವು ಕಡೆ ರೋಗಿಗಳಿದ್ದರೂ ಕಠಿಣ ಕೆಲಸವೆಲ್ಲ ಎಂ.ಡಿ.ಎಸ್. ಓದುವವರ ಪಾಲಾಗಿ, ಬಿ.ಡಿ.ಎಸ್. ಹುಡುಗರಿಗೆ ಹಲ್ಲು ಶುಚಿ ಮಾಡುವುದಷ್ಟೇ ಉಳಿಯುತ್ತದೆ. ಇದು ಪ್ರಕಟಣೆಯ ಪುಸ್ತಿಕೆಯಲ್ಲಿ ಎಲ್ಲಿಯೂ ಅಚ್ಚಾಗುವುದಿಲ್ಲ.

ಹಣದ ಲೆಕ್ಕವನ್ನು ಒಂದು ವರ್ಷದ ಫೀಜಿನಿಂದ ಹಾಕಬೇಡಿ. ಎರಡು ಕಾಲೇಜುಗಳಿಗೆ ವರ್ಷಕ್ಕೆ 3 ಲಕ್ಷದ ಅಂತರವಿದೆ ಎಂದಿಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ 12 ಲಕ್ಷ. ಅದನ್ನು ನೂರಕ್ಕೆ 10ರ ಬಡ್ಡಿಗೆ ಸಾಲ ತಂದು ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 15,860 ರೂಪಾಯಿ ಕಂತು. ಓದುವಾಗಿನ ಬಡ್ಡಿ ಇದರಲ್ಲಿ ಸೇರಿಲ್ಲ. ಹಾಸ್ಟೆಲು, ಊಟ, ಪುಸ್ತಕ, ಉಪಕರಣಗಳು ಬೇರೆ. ಹೊಸದಾಗಿ ಪಾಸಾದವರು ಮೊದಲು ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಕೈಕೆಳಗೆ ದುಡಿಯಬೇಕು. ಆ ಸಂಬಳದಲ್ಲಿ ಈ ಕಂತು ಕಟ್ಟಿ ಉಳಿಯುವುದೇನು? ಸಾಲವಿಲ್ಲದವರು ಅದೇ ಹಣದಲ್ಲಿ ಒಂದು ಕುರ್ಚಿ, ಕಂಪ್ರೆಸರು, ಉಪಕರಣ ಬೇಯಿಸುವ ಆಟೋಕ್ಲೇವು ಕೊಂಡು ಚಿಕ್ಕದೊಂದು ಕೋಣೆಯಲ್ಲಿ ತಮ್ಮ ಬೋರ್ಡು ತೂಗಬಲ್ಲರು. ನನ್ನ ಮಟ್ಟಿಗೆ, ರೋಗಿಗಳ ಸಂಖ್ಯೆ ಎರಡು ಕಡೆಯೂ ಸಮವೆನಿಸಿದರೆ, ಸಾಲ ಕಡಿಮೆಯ ಕಡೆಗೇ ಹೋಗುವುದು ಸರಿ. ಮುಂದೆ ಎಂ.ಡಿ.ಎಸ್. ಮಾಡುವ ಆಸೆಯಿದ್ದರಂತೂ ಇನ್ನೂ ಮೂರು ವರ್ಷದ ಖರ್ಚು ಕಾದಿದೆ.

ಭಾಷೆಯ ಸಂಗತಿಯೂ ಚಿಕ್ಕದಲ್ಲ. ಇಲ್ಲಿ ಬೆಳೆದ ಮಕ್ಕಳಿಗೆ ಮರಾಠಿ, ಹಿಂದಿ ಸಲೀಸು. ಊರಿಗೆ ಹೋದರೆ ಮನೆಮಾತಿನ ಕನ್ನಡವೋ ತುಳುವೋ ಕೈಹಿಡಿಯುತ್ತದೆ, ಅಕ್ಷರ ಬಾರದಿದ್ದರೂ ಒಂದು ವರ್ಷದಲ್ಲಿ ಬರುತ್ತದೆ. “ಎಲ್ಲಿ ನೋವು ಅಜ್ಜೀ, ತಣ್ಣೀರು ಕುಡಿದರೆ ಜುಂ ಅನ್ನುತ್ತದೆಯೋ?” ಎಂದು ಕೇಳಬಲ್ಲ ಡಾಕ್ಟರಿಗೆ ಅರ್ಧ ರೋಗ ಆಗಲೇ ತಿಳಿದಂತೆ. ಮುಂದೆ ಎಲ್ಲಿ ನೆಲಸಬೇಕೆಂಬ ಮನಸ್ಸಿದೆಯೋ ಅಲ್ಲಿಯ ಜನರ ನಡುವೆ ಕಲಿತರೆ ಲಾಭವೇ.

ಈಗ ಮಾಡಬೇಕಾದುದನ್ನು ಹೇಳುತ್ತೇನೆ. ಒಂದು ದಿನ ರಜೆ ಹಾಕಿ, ಮಗುವನ್ನೂ ಕರೆದುಕೊಂಡು, ವಾರದ ದಿನ ಬೆಳಿಗ್ಗೆ ಹೊರರೋಗಿ ವಿಭಾಗಕ್ಕೆ ಹೋಗಿ. ಆಫೀಸಿಗಲ್ಲ. ಬೆಂಚಿನ ಮೇಲೆ ಒಂದು ಗಂಟೆ ಕುಳಿತು ಎಷ್ಟು ಕುರ್ಚಿಗಳಲ್ಲಿ ಕೆಲಸ ನಡೆಯುತ್ತಿದೆ ಎಣಿಸಿ. ಆಮೇಲೆ ಚಹದ ಅಂಗಡಿಯ ಬಳಿ ಇಂಟರ್ನಿ ಹುಡುಗರನ್ನು ಮಾತಾಡಿಸಿ: “ಎಷ್ಟು ಹಲ್ಲು ಕಿತ್ತಿದ್ದೀರಿ? ಬೇರಿನ ಚಿಕಿತ್ಸೆ ಎಷ್ಟು ಮಾಡಿದ್ದೀರಿ? ಸ್ಟೈಪೆಂಡು ಕೈಗೆ ಬರುತ್ತದೆಯೇ?” ಹುಡುಗರು ಸುಳ್ಳು ಹೇಳುವುದಿಲ್ಲ, ಅವರಿಗೆ ಅದರಿಂದ ಬರುವ ಲಾಭವೇನೂ ಇಲ್ಲ. ಆಫೀಸಿನಲ್ಲಿ ಕೇಳಬೇಕಾದುದು ಎರಡೇ: ಸೇವಾ ಬಾಂಡು ಇದೆಯೇ, ನಡುವೆ ಫೀಜು ಏರುತ್ತದೆಯೇ. ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇದೆಲ್ಲ ಸೇರುವ ಮೊದಲೇ ಆಗಬೇಕು. ಒಂದು ಕಡೆ ಮೂಲ ದಾಖಲೆ ಒಪ್ಪಿಸಿದ ಮೇಲೆ ಬಿಡಿಸಿಕೊಳ್ಳುವುದು ಕಷ್ಟ. ಸುತ್ತುಗಳು ಮುಂದುವರಿದಂತೆ ನಿಯಮ ಬಿಗಿಯಾಗುತ್ತದೆ, ಠೇವಣಿಯೂ ಹೋಗಬಹುದು. ಆದೇಶದಲ್ಲಿ ಬರೆದ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕಿಂತ ಎರಡು ದಿನ ಮೊದಲೇ ತೀರ್ಮಾನ ಮಾಡಿ. ಯಾರಿಗಾದರೂ ಆದೇಶಪತ್ರದ ಇಂಗ್ಲಿಷು ತೊಡಕೆನಿಸಿದರೆ ಭಾನುವಾರ ಸಂಜೆ ನಾನು ಈ ವಾಚನಾಲಯದಲ್ಲೇ ಇರುತ್ತೇನೆ. ಎರಡೂ ಪತ್ರಗಳನ್ನು ತನ್ನಿರಿ, ಮಗುವನ್ನೂ ಕರೆತನ್ನಿರಿ.