ಎಂಟು ದಿನದ ಲೆಕ್ಕ: ಥೈರಾಯ್ಡ್‌ಗೆ ಕೊಡೋ ವಿಕಿರಣ ಅಯೋಡಿನ್ ಒಳಗೆ ಏನಾಗುತ್ತೆ?

ಮನೆಯ ಉಪ್ಪಿನ ಪ್ಯಾಕೆಟ್ ಮೇಲೆ ಅಯೋಡಿನ್ ಅಂತ ಬರೆದಿರೋದನ್ನ ನೋಡಿರ್ತೀರಿ. ಆ ಅಯೋಡಿನ್‌ನ ನ್ಯೂಕ್ಲಿಯಸ್‌ನಲ್ಲಿ 53 ಪ್ರೋಟಾನ್, 74 ನ್ಯೂಟ್ರಾನ್, ಒಟ್ಟು 127 ಕಣಗಳಿವೆ. ಎಷ್ಟು ಕಾಲ ಇಟ್ಟರೂ ಅದು ಬದಲಾಗಲ್ಲ.

ನ್ಯೂಟ್ರಾನ್ ಇನ್ನೂ ನಾಲ್ಕು ಹೆಚ್ಚಿದ್ದರೆ ಅದು ಅಯೋಡಿನ್-131. ಇದು ಅಸ್ಥಿರ. ಒಂದು ಕ್ಷಣದಲ್ಲಿ ಒಳಗಿನ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿಬಿಡುತ್ತೆ. ಆಗ ಒಂದು ಎಲೆಕ್ಟ್ರಾನ್ ಹೊರಗೆ ಸಿಡಿಯುತ್ತೆ. ಅದೇ ಬೀಟಾ ಕಣ. ಅದು ಮೊದಲೇ ಒಳಗೆ ಅವಿತು ಕೂತಿದ್ದಲ್ಲ, ಆ ಕ್ಷಣದಲ್ಲೇ ಹುಟ್ಟಿದ್ದು. ಈಗ ಪ್ರೋಟಾನ್ 54, ಅಂದ್ರೆ ಅಯೋಡಿನ್ ಹೋಗಿ ಜೆನಾನ್ ಆಯ್ತು. ಮಿಕ್ಕ ಶಕ್ತಿ ಸಾಮಾನ್ಯವಾಗಿ ಗಾಮಾ ಕಿರಣವಾಗಿ ಹೊರಬರುತ್ತೆ.

ಥೈರಾಯ್ಡ್ ಗ್ರಂಥಿಗೆ ಯಾವ ಅಯೋಡಿನ್ ಆದರೂ ಒಂದೇ, ಎರಡನ್ನೂ ಹೀರಿಕೊಳ್ಳುತ್ತೆ. ಹಾಗಾಗಿ ಅಲ್ಲಿನ ಕ್ಯಾನ್ಸರ್‌ಗೆ ಇದೇ ಅಯೋಡಿನ್-131 ಔಷಧಿ. ಬೀಟಾ ಕಣ ದೇಹದೊಳಗೆ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಹೋಗುತ್ತೆ, ಪಕ್ಕದ ಜೀವಕೋಶಗಳನ್ನಷ್ಟೇ ಕೊಲ್ಲುತ್ತೆ. ಗಾಮಾ ಮಾತ್ರ ದೇಹ ದಾಟಿ ಹೊರಗೂ ಬರುತ್ತೆ. ಮಕ್ಕಳಿಂದ, ಗರ್ಭಿಣಿಯರಿಂದ ಕೆಲವು ದಿನ ದೂರ ಇರಿ ಅಂತ ಡಾಕ್ಟರ್ ಹೇಳೋದು ಅದಕ್ಕೇ.

ನನ್ನ ಚಿಕ್ಕಮ್ಮ ಈ ಚಿಕಿತ್ಸೆ ತಗೊಂಡಿದ್ದರು. ಮೂರು ತಿಂಗಳಾದರೂ ಕೆಲವು ನೆಂಟರು ಅವರ ಕೈಯಿಂದ ಕಾಫಿ ತಗೊಳ್ತಿರಲಿಲ್ಲ. ಕಾಯಿಲೆಗಿಂತ ಅದೇ ಅವರಿಗೆ ಹೆಚ್ಚು ನೋವು ಕೊಟ್ಟಿತು.

ಭಯಕ್ಕೆ ಕಾರಣ ಇಲ್ಲ ಅಂತಲ್ಲ. 1986ರಲ್ಲಿ ಚೆರ್ನೋಬಿಲ್ ಸ್ಥಾವರದಿಂದ ಹೊರಬಿದ್ದ ಇದೇ ಅಯೋಡಿನ್-131 ಹುಲ್ಲಿಗೆ ಬಿತ್ತು, ಹಸುವಿನ ಹಾಲಿಗೆ ಬಂತು, ಹಾಲು ಕುಡಿದ ಮಕ್ಕಳ ಗಂಟಲಿಗೆ ಸೇರಿತು. ಮುಂದಿನ ವರ್ಷಗಳಲ್ಲಿ ಅಲ್ಲಿನ ಸಾವಿರಾರು ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಕಾಣಿಸಿಕೊಂಡಿತು.

ಆದರೆ ಭಯಕ್ಕೂ ಒಂದು ಅವಧಿ ಇದೆ. ಯಾವ ಪರಮಾಣು ಯಾವಾಗ ಸಿಡಿಯುತ್ತೆ ಅಂತ ಯಾರೂ ಹೇಳೋಕಾಗಲ್ಲ. ಕೋಟಿಗಟ್ಟಲೆ ಇದ್ದಾಗ ಮಾತ್ರ ಲೆಕ್ಕ ಪಕ್ಕಾ: ಸುಮಾರು 8 ದಿನಕ್ಕೆ ಅರ್ಧ, 16 ದಿನಕ್ಕೆ ಕಾಲು ಭಾಗ ಉಳಿಯುತ್ತೆ. 80 ದಿನಕ್ಕೆ ಸಾವಿರದಲ್ಲಿ ಒಂದು ಪಾಲೂ ಇರಲ್ಲ. ಮೂತ್ರದಲ್ಲಿ ಹೋಗೋದನ್ನ ಸೇರಿಸಿದರೆ ದೇಹದಲ್ಲಿ ಉಳಿಯೋದು ಇನ್ನೂ ಕಡಿಮೆ.

ನಿಮ್ಮ ಮನೇಲೂ ಯಾರಾದರೂ ಈ ಚಿಕಿತ್ಸೆ ತಗೊಂಡಿದ್ದರೆ, ಡಾಕ್ಟರ್ ಹೇಳಿದಷ್ಟು ದಿನ ತಪ್ಪದೇ ದೂರ ಇರಿ, ಒಂದು ದಿನವೂ ಕಡಿಮೆ ಮಾಡಬೇಡಿ. ಅದು ಮುಗಿದ ಮೇಲೆ ಒಂದು ದಿನವೂ ಹೆಚ್ಚು ದೂರ ಇಡಬೇಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.