ಅಪರೂಪದ ಕಾಯಿಲೆ, ವಂಶವೃಕ್ಷ ಮತ್ತು ಸಂಖ್ಯಾಶಾಸ್ತ್ರ



ಅಪರೂಪದ ಕಾಯಿಲೆಯ ಮೂಲ ಹುಡುಕಲು ವಂಶವೃಕ್ಷ ಹೇಗೆ ನೆರವಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ತರೀಕೆರೆಯಿಂದ ಶಿವಮೊಗ್ಗ ದಾಟಿದರೆ ಸಾಗರ. ಆ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಒಂದು ಕಾಯಿಲೆ ವೈದ್ಯರ ಗಮನಕ್ಕೆ ಬಂತು. ಸೊಂಟ, ಮಂಡಿಯ ಕೀಲು ಸವೆದು ದುಡಿಯುವ ವಯಸ್ಸಿನವರು ಕೋಲೂರಿ ನಡೆಯುವಂತಾಯಿತು. ಕೆಲವರು ಕುಳ್ಳಾಗಿಯೇ ಉಳಿದರು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಅದು ಕಂಡಿತು. ಗದ್ದೆಯ ಕೀಟನಾಶಕದ ಮೇಲೂ ಅನುಮಾನ ಬಂತು. ಮನೆಮನೆಯ ವಂಶವೃಕ್ಷ ಬರೆದು ನೋಡಿದಾಗ ದಾರಿ ಸಿಕ್ಕಿತು: ಅದು ಅನುವಂಶೀಯ, ರೋಗಿಯ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ರೋಗಿಗಳು ಒಂದೇ ಮನೆತನದವರಾಗದೆ ಊರೂರಲ್ಲಿ ಚದುರಿದ್ದರೆ ಏನು ಮಾಡುವುದು? ಸಾವಿರಕ್ಕೊಬ್ಬರಲ್ಲಿರುವ ಒಂದು ಜೀನ್ ಬದಲಾವಣೆಯನ್ನು 2,000 ರೋಗಿಗಳಲ್ಲಿ, 2,000 ಆರೋಗ್ಯವಂತರಲ್ಲಿ ಹುಡುಕಿದೆವು ಎನ್ನಿ. ರೋಗಿಗಳಲ್ಲಿ ನಾಲ್ವರು, ಉಳಿದವರಲ್ಲಿ ಇಬ್ಬರು ಸಿಕ್ಕರೆ ಅದರಿಂದ ಏನನ್ನೂ ಹೇಳಲಾಗದು. ಅದೇ ಜೀನಿನ ಇಂಥ ಇಪ್ಪತ್ತು ಬದಲಾವಣೆಗಳನ್ನು ಒಟ್ಟುಗೂಡಿಸಿ ರೋಗಿಗಳಲ್ಲಿ 80, ಉಳಿದವರಲ್ಲಿ 40 ಬಂದರೆ ಲೆಕ್ಕಕ್ಕೆ ಬಲ ಬರುತ್ತದೆ. ಆದರೂ ಅವಸರ ಸಲ್ಲದು. ಮನುಷ್ಯನ ಸುಮಾರು 20,000 ಜೀನ್‌ಗಳನ್ನೂ ಹೀಗೆ ಜಾಲಾಡಿದರೆ ಐದಾರು ಜೀನ್‌ಗಳು ಬರೀ ಆಕಸ್ಮಿಕವಾಗಿ ಇಷ್ಟೇ ವ್ಯತ್ಯಾಸ ತೋರಿಸುತ್ತವೆ. ಅದಕ್ಕೇ ಆಕಸ್ಮಿಕದ ಸಾಧ್ಯತೆ ನಾಲ್ಕು ಲಕ್ಷದಲ್ಲಿ ಒಂದಕ್ಕಿಂತ ಕಡಿಮೆಯಿದ್ದರೆ ಮಾತ್ರ ಒಪ್ಪುವುದು ವಾಡಿಕೆ. ಇನ್ನೊಂದು ತೊಡಕೂ ಇದೆ: ಕೆಲವು ಬದಲಾವಣೆಗಳು ರೋಗ ತಂದರೆ ಕೆಲವು ರಕ್ಷಣೆ ಕೊಡುತ್ತವೆ; ಬರೀ ಕೂಡಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಅಂಥದ್ದನ್ನೂ ಹಿಡಿಯಬಲ್ಲ 'ಸ್ಕ್ಯಾಟ್' ಎಂಬ ವಿಧಾನ 2011ರಲ್ಲಿ ಬಂತು.

ಆದರೆ ಎಷ್ಟೇ ಒಳ್ಳೆಯ ವಿಧಾನವಾದರೂ ನಮ್ಮ ಜನರ ಮಾಹಿತಿಯಿಲ್ಲದೆ ನಮಗೆ ಫಲ ಕೊಡದು. ತಲೆಮಾರುಗಳಿಂದ ತಮ್ಮತಮ್ಮೊಳಗೇ ಹೆಣ್ಣು ಕೊಟ್ಟು ತಂದ ಸಮುದಾಯಗಳು ನಮ್ಮವು. ಜಗತ್ತಿನ ಲೆಕ್ಕದಲ್ಲಿ ಅಪರೂಪವಾದ ಜೀನ್ ಬದಲಾವಣೆ ಇಲ್ಲಿನ ಒಂದು ಹಳ್ಳಿಯಲ್ಲಿ ಸಾಮಾನ್ಯವಾಗಿರಬಹುದು. ಯುರೋಪಿನವರ ಜೀನ್ ಬದಲಾವಣೆಗಳ ಪಟ್ಟಿಯಲ್ಲಿ ಅದು ಇರಲಿಕ್ಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದ 'ಜೀನೋಮ್ ಇಂಡಿಯಾ' ಯೋಜನೆ ಸುಮಾರು ಹತ್ತು ಸಾವಿರ ಭಾರತೀಯರ ಜೀನೋಮ್, ಅಂದರೆ ಇಡೀ ಡಿಎನ್ಎ, ಓದಿ, 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟಿದ್ದು ಇದಕ್ಕಾಗಿಯೇ ಮುಖ್ಯ.

ನನ್ನ ಕೋರಿಕೆ ಇಷ್ಟೇ. ಮನೆಯ ಹಿರಿಯರನ್ನು ಕೇಳಿ ಮೂರು ತಲೆಮಾರಿನ ವಂಶವೃಕ್ಷ ಬರೆದಿಡಿ. ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ಕಾಯಿಲೆ ಬಂತು, ಯಾರದು ಸೋದರಸಂಬಂಧದ ಮದುವೆ ಎಂಬುದನ್ನೂ ಬರೆಯಿರಿ. ಕಾಯಿಲೆಯನ್ನು ಶಾಪವೆಂದೋ ಅವಮಾನವೆಂದೋ ಬಚ್ಚಿಡಬೇಡಿ. ಆ ಹಾಳೆಯನ್ನು ವೈದ್ಯರ ಮುಂದಿಡಿ.